ಸಂಜೆಗೆ ಮನೆ ತಲುಪುವ ಮಧ್ಯಾಹ್ನದ ಬಿಸಿಲು

ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯಲು ತಂದಿದ್ದ ಗನ್ ಥರ್ಮಾಮೀಟರು ನಮ್ಮ ಮನೆ ಡ್ರಾಯರಿನಲ್ಲಿ ಸುಮ್ನೆ ಬಿದ್ದಿತ್ತು. ಏಪ್ರಿಲ್ ತಿಂಗಳ ಒಂದು ರಾತ್ರಿ ನಿದ್ದೆ ಬಾರದೆ ಅದನ್ನು ಹುಡುಕಿ ತೆಗೆದೆ. ಮಂಚದಲ್ಲಿ ಮಲಗಿಕೊಂಡೇ ಮೇಲಿನ ಮೋಲ್ಡಿಗೆ ಗುರಿಯಿಟ್ಟು ಒತ್ತಿದೆ. 36 ಡಿಗ್ರಿ. ನನ್ನ ಹಣೆಯಷ್ಟೇ ಬಿಸಿ! ಬಾಲ್ಕನಿಯ ಗಾಳಿ ಮಾತ್ರ 27 ಡಿಗ್ರಿ ಇತ್ತು. ಸೂರ್ಯ ಮುಳುಗಿ ಎರಡೂವರೆ ಗಂಟೆಯಾಗಿದ್ದರೂ ನಾವು ಕಾದ ಕಾವಲಿಯ ಕೆಳಗೆ ಮಲಗಿದ್ದೆವು. "ಈ ಫ್ಯಾನು ಬರೀ ಬಿಸಿಗಾಳಿ ಎಸೀತಿದೆ" ಎಂದು ಅದಕ್ಕೆ ದಿನಾ ಬೈಯುತ್ತಿದ್ದೆವು, ಪಾಪ.

ಬಸವನಗುಡಿಯ ಹಳೇ ಮನೆಗಳಲ್ಲಿ ಈ ಕಾಟ ಕಡಿಮೆ. ಯಾಕೆ ಅಂತ ಕೇಳಿ ನೋಡಿ, ತರಹೇವಾರಿ ಉತ್ತರ ಬರುತ್ತದೆ. ಆಗಿನವರು ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಿದ್ದರು, ಅದಕ್ಕೇ ತಂಪು ಎನ್ನುತ್ತಾರೆ ಒಬ್ಬರು. ವಾಸ್ತು ಪ್ರಕಾರ ಕಟ್ಟಿದ್ದು ಎನ್ನುತ್ತಾರೆ ಇನ್ನೊಬ್ಬರು. ಬೆಲ್ಲ, ಅಳಲೆಕಾಯಿ ಹಾಕುತ್ತಿದ್ದದ್ದು ನಿಜ. ಆದರೆ ಅದು ಸುಣ್ಣದ ಗಾರೆ ಗಟ್ಟಿಯಾಗಿ ಕೂತು ನೀರು ತಡೆಯಲಿ ಅಂತ. ಬೆಲ್ಲ ತಿಂದ ಗೋಡೆಗೆ ತಂಪು ಬರುವುದಿಲ್ಲ. ಇನ್ನು ಮೂರನೆಯ ಉತ್ತರ "ಗೋಡೆ ದಪ್ಪ ಅಲ್ವಾ" ಎಂಬುದು. ಇದು ಅರ್ಧ ಸತ್ಯ. ಉಳಿದ ಅರ್ಧ ಗೊತ್ತಿಲ್ಲದೆ ದಪ್ಪ ಗೋಡೆ ಕಟ್ಟಿದರೆ ಮನೆ ಬ್ರೆಡ್ಡು ಸುಡುವ ಭಟ್ಟಿಯಾಗುತ್ತದೆ.

ಮೊದಲು ಬಿಸಿ ಹೇಗೆ ಇಳಿಯುತ್ತದೆ ನೋಡೋಣ. ತಾರಸಿಯ ಮೇಲೆ ಬಿದ್ದ ಬಿಸಿಲು ತಕ್ಷಣ ಒಳಗೆ ಬರುವುದಿಲ್ಲ. ಅಂಚೆಗೆ ಹಾಕಿದ ಕಾಗದದ ಹಾಗೆ, ಹೊರಟದ್ದು ಒಂದು ಹೊತ್ತು, ಮುಟ್ಟುವುದು ಇನ್ನೊಂದು ಹೊತ್ತು. ಐದು ಇಂಚಿನ ಕಾಂಕ್ರೀಟ್ ಮೋಲ್ಡು ದಾಟಲು ಮೂರು ನಾಲ್ಕು ಗಂಟೆ ಬೇಕು. ಮಧ್ಯಾಹ್ನ ಎರಡರ ಕಾವು ಸಂಜೆ ಆರಕ್ಕೆ ನಿಮ್ಮ ತಲೆಯ ಮೇಲೆ ಬಂದು, ಮಲಗುವವರೆಗೂ ಕೂತಿರುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗಾದರೆ ಆರೇಳು ಗಂಟೆ.

ತಡವಾಗುವುದು ಅಷ್ಟೇ ಅಲ್ಲ, ದಾರಿಯಲ್ಲಿ ಸವೆಯುತ್ತದೆ ಕೂಡ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಾ ಬರುವುದನ್ನು ನೆನಪಿಸಿಕೊಳ್ಳಿ. ಮೊದಲಲ್ಲಿ ಕೂತವರಿಗೆ ಎರಡೆರಡು, ನಡುವಿನವರಿಗೆ ಒಂದು, ಕೊನೆಯವರಿಗೆ ಅರ್ಧವೂ ಅನುಮಾನ. ಗೋಡೆಯ ಒಂದೊಂದು ಪದರವೂ ತನ್ನ ಪಾಲು ಇಟ್ಟುಕೊಂಡು ಮಿಕ್ಕದ್ದನ್ನು ಮುಂದಕ್ಕೆ ಕೊಡುತ್ತದೆ. ಅಷ್ಟರಲ್ಲಿ ಹೊತ್ತು ಮುಳುಗುತ್ತದೆ, ಮೊದಲಲ್ಲಿ ಕೂತವರು ತಮ್ಮ ಎಲೆಯಲ್ಲಿದ್ದುದನ್ನು ಆಕಾಶಕ್ಕೆ ವಾಪಸ್ ಕೊಡಲು ಶುರುಮಾಡುತ್ತಾರೆ! ಲೆಕ್ಕ ಹಾಕಿದರೆ, ಹೊರಮೈಯ ಏರಿಳಿತ ಹತ್ತು ಡಿಗ್ರಿ ಇದ್ದಾಗ ಐದು ಇಂಚಿನ ಕಾಂಕ್ರೀಟಿನ ಒಳಮೈಗೆ ಹೆಚ್ಚುಕಡಿಮೆ ನಾಲ್ಕು ಡಿಗ್ರಿ ತಲುಪುತ್ತದೆ, ಒಂಬತ್ತು ಇಂಚಿನ ಇಟ್ಟಿಗೆಯ ಒಳಮೈಗೆ ಒಂದೂವರೆ.

ಈ ಲೆಕ್ಕ ಕೊಟ್ಟವನು ಫ್ರಾನ್ಸಿನ ಜೋಸೆಫ್ ಫೋರಿಯರ್. 1798ರಲ್ಲಿ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದವನು. ಅಲ್ಲಿಯ ಸೆಖೆ ಎಷ್ಟು ಹಿಡಿಸಿತೆಂದರೆ, ಊರಿಗೆ ಮರಳಿದ ಮೇಲೂ ಮೈತುಂಬ ಹೊದ್ದುಕೊಂಡೇ ಇರುತ್ತಿದ್ದನಂತೆ. 1822ರಲ್ಲಿ ಶಾಖದ ಬಗ್ಗೆ ದೊಡ್ಡ ಪುಸ್ತಕ ಬರೆದ. ಅವನ ಗಣಿತದ ಪ್ರಕಾರ ನೆಲದೊಳಗೆ ಹಗಲು ರಾತ್ರಿಯ ಏರಿಳಿತ ಒಂದೆರಡು ಅಡಿಯಲ್ಲೇ ಸತ್ತುಹೋಗುತ್ತದೆ. ಬೇಸಿಗೆ ಚಳಿಗಾಲದ ಏರಿಳಿತ ಅದರ ಸುಮಾರು 19 ಪಟ್ಟು ಆಳಕ್ಕೆ ಇಳಿಯುತ್ತದೆ. 19 ಯಾಕೆ? 365ರ ವರ್ಗಮೂಲ ಅದು. ನಮ್ಮ ರೈತರು ಈ ಗಣಿತ ಓದಿರಲಿಲ್ಲ, ಆದರೆ ರಾಗಿಯನ್ನು ಹಗೇವಿನಲ್ಲಿ ಹುಗಿದಿಟ್ಟು ವರ್ಷಗಟ್ಟಲೆ ಕಾಪಾಡುತ್ತಿದ್ದರು. ಮಣ್ಣಿನ ಕೆಳಗೆ ಏಪ್ರಿಲ್ ತಿಂಗಳಿಗೆ ಅಷ್ಟೇನೂ ಪ್ರವೇಶವಿಲ್ಲ.

ಈಗ ಉಳಿದ ಅರ್ಧ. ಗೋಡೆ ಬಿಸಿಯನ್ನು ನುಂಗಿಕೊಂಡಿತು, ಸರಿ. ಅದನ್ನು ಎಲ್ಲಾದರೂ ಕಕ್ಕಬೇಕಲ್ಲ? ರಾತ್ರಿ ತಂಪಾಗಿದ್ದರೆ ಮಾತ್ರ ಅದು ಸಾಧ್ಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನಲ್ಲಿ ಹಗಲು 34 ಡಿಗ್ರಿ ಸುಟ್ಟರೂ ಬೆಳಗಿನ ಜಾವ 22ರ ಆಸುಪಾಸಿಗೆ ಇಳಿಯುತ್ತದೆ. ಚೆನ್ನೈಯಲ್ಲಿ ಅದೇ ತಿಂಗಳು 26ಕ್ಕಿಂತ ಕೆಳಗೆ ಇಳಿಯಲು ಒದ್ದಾಡುತ್ತದೆ. ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಮೇಲೆ ಸುಣ್ಣದ ಗಾರೆ ಬಡಿದು ಮಾಡುವ ಮದ್ರಾಸ್ ತಾರಸಿ ನಮ್ಮ ಹಳೇ ಬಡಾವಣೆಗಳಲ್ಲಿ ಇವತ್ತಿಗೂ ಕಾಣುತ್ತದೆ. ನನ್ನ ಕೇಳಿದರೆ, ಆ ತಾರಸಿಗೆ ಮದ್ರಾಸಿಗಿಂತ ಬೆಂಗಳೂರೇ ಸರಿಯಾದ ಊರು. ಮಂಗಳೂರಿನಲ್ಲಿ ಇನ್ನೂ ಬೇರೆ ಕಥೆ. ಅಲ್ಲಿ ರಾತ್ರಿಯೂ ಬೆವರು, ಆದ್ದರಿಂದ ಬೇಗ ಆರುವ ತೆಳು ಹೆಂಚು, ಸಂದಿಯಲ್ಲಿ ಆಡುವ ಗಾಳಿ.

ನಮಗೆ ಸಿಕ್ಕ ಈ ತಂಪು ರಾತ್ರಿಯನ್ನು ನಾವು ಏನು ಮಾಡುತ್ತೇವೆ? ಆರು ಗಂಟೆಗೆ ಸೊಳ್ಳೆ ಅಂತ ಎಲ್ಲಾ ಕಿಟಕಿ ಹಾಕುತ್ತೇವೆ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದು ಹಿಂಬಾಗಿಲು ಮುಚ್ಚುತ್ತೇವೆ, ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗಬಾರದು ಅಂತ. ಲಕ್ಷ್ಮಿಯ ವಿಷಯ ನನಗೆ ಗೊತ್ತಿಲ್ಲ, ಗಾಳಿಯಂತೂ ಹೋಗಲು ದಾರಿ ಇಲ್ಲದ ಮನೆಗೆ ಬರುವುದೇ ಇಲ್ಲ. ಹಳಬರು ಮಾಳಿಗೆಯ ಹತ್ತಿರ ಬೆಳಕಿಂಡಿ ಬಿಡುತ್ತಿದ್ದದ್ದು ಇದಕ್ಕೇ. ಬಿಸಿಗಾಳಿ ಮೇಲೇರುತ್ತದೆ, ಅಲ್ಲಿಂದಲೇ ಜಾರಿಕೊಳ್ಳಲಿ ಎಂದು. ಈಗ ಅದರ ಜಾಗದಲ್ಲಿ ಫಾಲ್ಸ್ ಸೀಲಿಂಗು, ಬಣ್ಣದ ಲೈಟು.

ಬೆಂಗಳೂರಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಏಟು ತಿನ್ನುವುದು ತಾರಸಿ. ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ ನಟ್ಟನಡು ಮಧ್ಯಾಹ್ನ ಇಲ್ಲಿ ನೆರಳೇ ಬೀಳುವುದಿಲ್ಲ, ಸೂರ್ಯ ನೆತ್ತಿಯ ಮೇಲೆ ನೇರ ನಿಂತಿರುತ್ತಾನೆ. ಆಗ ಗೋಡೆಗಳಿಗೆ ನೇರ ಬಿಸಿಲು ಇಲ್ಲವೆಂದೇ ಹೇಳಬಹುದು. ಪೂರ್ತಿ ಬಿಸಿಲು ತಾರಸಿಗೆ, ಚದರ ಮೀಟರಿಗೆ ಒಂದು ಕಿಲೋವ್ಯಾಟಿನ ಹತ್ತಿರ. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಸಾಕು. ಪಶ್ಚಿಮದ್ದು ಮಾತ್ರ ಕಷ್ಟ, ಸಂಜೆಯ ಸೂರ್ಯ ಸಜ್ಜಾದ ಕೆಳಗೆ ಬಗ್ಗಿ ಒಳಗೆ ಬರುತ್ತಾನೆ. ಅಂಥ ಪಶ್ಚಿಮಕ್ಕೇ ನೆತ್ತಿಯಿಂದ ಕಾಲಿನವರೆಗೆ ಗಾಜು ಹೊದಿಸಿ, ಒಳಗೆ ಪರದೆ ಎಳೆದು, ಲೈಟು ಹಾಕಿ, ಎಸಿ ಓಡಿಸುವ ಆಫೀಸುಗಳನ್ನು ಹೊರವರ್ತುಲ ರಸ್ತೆಯಲ್ಲಿ ನೋಡುವಾಗ ಹೊಟ್ಟೆ ಉರಿಯುತ್ತದೆ.

ನಮ್ಮದು ಬಾಡಿಗೆ ಮನೆ. ಮಣ್ಣಿನ ಇಟ್ಟಿಗೆ, ನಡುವೆ ಪೊಳ್ಳು ಬಿಟ್ಟ ಗೋಡೆ, ಇವೆಲ್ಲ ಸ್ವಂತ ಮನೆ ಕಟ್ಟಿಸುವವರ ಭಾಗ್ಯ. ನಮ್ಮಿಂದಾದದ್ದು ಸುಣ್ಣ. ಬರೀ ಕಾಂಕ್ರೀಟು ಬಿಸಿಲಿನ ಮೂರನೇ ಒಂದು ಪಾಲನ್ನು ವಾಪಸ್ ಎಸೆದರೆ ಹೆಚ್ಚು, ಹೊಸ ಸುಣ್ಣ ಮುಕ್ಕಾಲಿಗೂ ಹೆಚ್ಚು ಎಸೆಯುತ್ತದೆ. ಓನರ್ ಹತ್ತಿರ ಕೇಳಿ, ಒಂದು ಭಾನುವಾರ ಬೆಳಿಗ್ಗೆ ತಾರಸಿ ಗುಡಿಸಿ, ತೊಳೆದು, ಎರಡು ಕೋಟ್ ಬಳಿದೆವು. ಕಣ್ಣು ಬಿಡಲಾಗದಷ್ಟು ಬೆಳಕು. ನಾಲ್ಕು ದಿನ ಬಿಟ್ಟು ರಾತ್ರಿ ಒಂಬತ್ತಕ್ಕೆ ಮತ್ತೆ ಗನ್ನು ಹಿಡಿದೆ. 31. ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ಪ್ರತಿ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು.

ಕಿಟಕಿಗಳಿಗೆ ಸೊಳ್ಳೆ ಪರದೆ ಹೊಡೆಸಿದೆವು. ಈಗ ರಾತ್ರಿಯಿಡೀ ಎಲ್ಲವೂ ತೆರೆದಿರುತ್ತವೆ, ಬೆಳಿಗ್ಗೆ ಎಂಟಕ್ಕೆ ಮುಚ್ಚಿ ಪರದೆ ಎಳೆಯುತ್ತೇವೆ. ಮೊನ್ನೆ ಎದುರು ಮನೆ ಆಂಟಿ ಸಿಕ್ಕಿ ಕೇಳಿದರು, "ಏನು, ಒಂದು ವಾರದಿಂದ ಮನೆ ಮುಚ್ಚಿದೆ, ಊರಿಗೆ ಹೋಗಿದ್ರಾ?"