ನೈಟ್ರೋ ಕಮ್ಮಿ ಇದ್ರೆ ಬೆಂಕಿ ಭಯ ಇಲ್ವಾ?

ಪ್ರಶ್ನೆ: ಆರ್‌ಸಿ ಕಾರಿಗೆ (ರಿಮೋಟಲ್ಲಿ ಓಡಿಸೋ ಪುಟ್ಟ ಕಾರು) 30 ಪರ್ಸೆಂಟ್ ನೈಟ್ರೋ ಫ್ಯೂಲ್ ಡೇಂಜರಂತೆ, 10 ಪರ್ಸೆಂಟಿಂದು ತಗೊಂಡ್ರೆ ಸೇಫ್ ಅಲ್ವಾ?

ಅಲ್ಲ ಮಾರಾಯ್ರೆ. ಎಷ್ಟನೇ ಸಲ ಹೇಳೋದೋ ಇದು, ಕುಂಬಳೆಯಲ್ಲಿ ಹೇಳಿ ಆಯ್ತು, ಬದಿಯಡ್ಕದಲ್ಲಿ ಹೇಳಿ ಆಯ್ತು, ಮತ್ತೆ ಅದೇ ಪ್ರಶ್ನೆ ಬರ್ತದೆ. ನೈಟ್ರೋ ಅಂತ ಕೇಳಿದ ಕೂಡ್ಲೆ ಎಲ್ಲರ ತಲೆಗೆ ಬಾಂಬ್ ಬರ್ತದೆ, ನೈಟ್ರೋಗ್ಲಿಸರಿನ್ ಬೇರೆ ನೈಟ್ರೋಮೀಥೇನ್ ಬೇರೆ ಅಂತ ಯಾರೂ ಯೋಚನೆ ಮಾಡೋದಿಲ್ಲ. ಈ ಫ್ಯೂಲ್ ಅಂದ್ರೆ ನೈಟ್ರೋಮೀಥೇನ್, ಮೆಥನಾಲ್ ಅನ್ನೋ ಸ್ಪಿರಿಟ್, ಎಣ್ಣೆ ಮೂರರ ಮಿಶ್ರಣ, ಪರ್ಸೆಂಟ್ ಹೇಳೋದು ನೈಟ್ರೋಮೀಥೇನಿಂದು. ನೈಟ್ರೋಮೀಥೇನ್ ಸಾಧು ಅಂತ ನಾನು ಹೇಳ್ತಾ ಇಲ್ಲ, ಆದ್ರೆ ಅದರ ಆವಿಗೆ ಕಿಡಿ ತಾಗಿ ಬೆಂಕಿ ಹಿಡಿಬೇಕಾದ್ರೆ ಸುಮಾರು 35 ಡಿಗ್ರಿ ಬೇಕು. ಮೆಥನಾಲಿಗೆ 11-12 ಡಿಗ್ರಿ ಸಾಕು. ನಮ್ಮ ಕಾಸರಗೋಡಲ್ಲಿ ಅಷ್ಟು ಚಳಿ ಯಾವತ್ತು ಬಂದದ್ದುಂಟು? ಈಗ ಲೆಕ್ಕ ಹಾಕಿ, 10 ಪರ್ಸೆಂಟ್ ಫ್ಯೂಲಲ್ಲಿ ಎಣ್ಣೆ ಬಿಟ್ರೆ 70 ಪರ್ಸೆಂಟ್ ಹತ್ರ ಮೆಥನಾಲೇ. ನೈಟ್ರೋ ಕಮ್ಮಿ ಮಾಡಿದ್ರೆ ಆ ಜಾಗಕ್ಕೆ ಬರೋದೂ ಅದೇ!

ಇನ್ನೊಂದು, ಮೆಥನಾಲಿನ ಜ್ವಾಲೆ ಬಿಸಿಲಲ್ಲಿ ಸರಿಯಾಗಿ ಕಾಣೋದಿಲ್ಲ. ಕೊಯ್ಲಾದ ಗದ್ದೆಯಲ್ಲಿ ಗಾಡಿ ಓಡಿಸ್ತಾ ಇದ್ವಿ, ಗ್ಲೋ ಪ್ಲಗ್ಗಿನ ಇಗ್ನೈಟರ್ (ಇಂಜಿನ್ ಸ್ಟಾರ್ಟ್ ಮಾಡ್ಲಿಕ್ಕೆ ಪ್ಲಗ್ಗನ್ನು ಕಾಯಿಸೋ ಬ್ಯಾಟರಿ ಸಾಧನ) ತೆಗೀದೆ ಹುಡುಗ ಫ್ಯೂಲ್ ಹಾಕಿದ, ನಾಲ್ಕು ಹನಿ ಚೆಲ್ಲಿತು. ಹೊಗೆ ಇಲ್ಲ, ಜ್ವಾಲೆ ಇಲ್ಲ, ಒಣಹುಲ್ಲು ಮಾತ್ರ ತನ್ನಷ್ಟಕ್ಕೆ ಕಪ್ಪಾಗ್ತಾ ಬಂತು, ನಾನು ಬಗ್ಗಿ ನೋಡಿದ್ದಕ್ಕೆ ಮುಂಗೈ ರೋಮ ಎಲ್ಲ ಹೋಯ್ತು. 1981ರ ಇಂಡಿಯಾನಾಪೊಲಿಸ್ 500 ಕಾರ್ ರೇಸಲ್ಲಿ ಡ್ರೈವರ್ ರಿಕ್ ಮಿಯರ್ಸ್ ಮುಖ ಸುಟ್ಟದ್ದೂ ಹೀಗೇ, ಪಿಟ್ಟಲ್ಲಿ (ರೇಸಿನ ಮಧ್ಯೆ ಫ್ಯೂಲ್ ತುಂಬಿಸೋ ಜಾಗ) ಮೆಥನಾಲ್ ಚೆಲ್ಲಿ. ಸುತ್ತ ಇದ್ದವರಿಗೆ ಬೆಂಕಿಯೇ ಕಾಣ್ಲಿಲ್ಲ. ಅನುಮಾನ ಇದ್ರೆ ಹಿಡಿಸೂಡಿ ಮುಂದೆ ಚಾಚಿ ನೋಡಿ, ಕಡ್ಡಿ ಹೊತ್ತಿಕೊಂಡ್ರೆ ಬೆಂಕಿ ಉಂಟು ಅಂತ ಲೆಕ್ಕ.

ಇಂಜಿನ್ ಆಫ್ ಮಾಡಿ, ಇಗ್ನೈಟರ್ ತೆಗೆದು, ತಣಿದ ಮೇಲೆ ಫ್ಯೂಲ್ ಹಾಕಿ. ಬಿಸಿ ಹೆಡ್ಡಿನ ಮೇಲೆ ಚೆಲ್ಲಿದ್ರೆ ಕೂಡ್ಲೆ ಆವಿ ಆಗ್ತದೆ, ಮೆಥನಾಲ್ ಕುದಿಯೋದೇ 65 ಡಿಗ್ರಿಗೆ. ಬೆಂಕಿಗೆ ನೀರು ಹಾಕಬಹುದಾ ಅಂತ ಕೇಳ್ತೀರಿ, ಹಾಕಬಹುದು, ಮೆಥನಾಲ್ ಪೆಟ್ರೋಲ್ ಹಾಗೆ ತೇಲೋದಿಲ್ಲ, ಬೆರೆತು ಹೋಗ್ತದೆ. ಆದ್ರೆ ಒಂದು ಚೊಂಬು ಸಾಲದು, ಅರ್ಧಕ್ಕರ್ಧ ನೀರು ಸೇರಿದ್ರೂ ಉರೀತದೆ. ಕೊಡಗಟ್ಟಲೆ ಹೊಯ್ಯಬೇಕು, ಇಲ್ಲಾಂದ್ರೆ ಡ್ರೈ ಪೌಡರ್ ಸಿಲಿಂಡರ್ ಇಟ್ಟುಕೊಳ್ಳಿ.

ಯಾರೂ ಕೇಳಿಲ್ಲ, ಆದ್ರೂ ಹೇಳ್ತೇನೆ. ಮಳೆಗಾಲದಲ್ಲಿ ಅರ್ಧ ಖಾಲಿಯಾದ ಕ್ಯಾನಲ್ಲಿ ಫ್ಯೂಲ್ ಇಡಬೇಡಿ, ಒಳಗಿನ ಗಾಳಿಯ ಪಸೆ ಎಲ್ಲ ಹೀರ್ತದೆ, ಮತ್ತೆ ಇಂಜಿನ್ ಸ್ಟಾರ್ಟಾಗದೆ ನನ್ನ ತಲೆ ತಿನ್ನೋದು. ಚಿಕ್ಕ ಕ್ಯಾನಿಗೆ ಬಗ್ಗಿಸಿ ಮುಚ್ಚಳ ಬಿಗಿ ಮಾಡಿ. ನೀರಿನ ಬಾಟ್ಲಿಗೆ ಮಾತ್ರ ಹಾಕಬೇಡಿ. ಕೆಂಪು ಬಣ್ಣದ ಫ್ಯೂಲ್ ಥೇಟ್ ಪುನರ್ಪುಳಿ ಜ್ಯೂಸ್ ಹಾಗೇ ಕಾಣ್ತದೆ, ಅದು 10 ಎಂ.ಎಲ್. ಒಳಗೆ ಹೋದ್ರೂ ಕಣ್ಣು ಹೋಗಬಹುದು.