ಭೂದೃಶ್ಯದಿಂದ ಅಮೂರ್ತ ಆಯಿಲ್ ಪೇಂಟಿಂಗ್: ಪದರಗಳ ಲೆಕ್ಕ ಕೈಗೆ ಹತ್ತಲು ಒಂದು ಟಿಪ್ಪಣಿ

ಕ್ಯಾನ್ವಾಸ್ ಬಿಗಿಯುವುದು, ಜೆಸ್ಸೋ (ಬಣ್ಣದ ಅಡಿಗೆ ಹಚ್ಚುವ ಬಿಳಿ ತಳ) ಬಳಿಯುವುದು, ಬ್ರಷ್ ತೊಳೆಯುವುದು ಬರುತ್ತದೆ ಎಂದುಕೊಂಡೇ ಬರೆದ ಟಿಪ್ಪಣಿ ಇದು. ಆಯಿಲ್‌ನಲ್ಲಿ ಒಂದೆರಡು ನಿಸರ್ಗಚಿತ್ರ ಮಾಡಿ ಈಗ ಅಮೂರ್ತದ ಕಡೆ ಹೊರಳುತ್ತಿರುವವರಿಗೆ ಉಪಯೋಗವಾದೀತು. ಪದರಗಳ ಭಾಗ ಉಳಿದೆಲ್ಲಕ್ಕಿಂತ ಉದ್ದವಾಗಿದೆ. ತಲೆ ಕೆಡುವುದು ಅಲ್ಲೇ.

ದೃಶ್ಯದಿಂದ ಏನನ್ನು ಎತ್ತಿಕೊಳ್ಳುವುದು

ಮರ, ಬೆಟ್ಟ, ಹೊಳೆ ಎಲ್ಲ ಬರೆದು ಆಮೇಲೆ ಅಂಚು ಒರೆಸಿ ಮಸುಕು ಮಾಡಿದರೆ ಸಿಗುವುದು ಮಂಜು ಕವಿದ ನಿಸರ್ಗಚಿತ್ರ. ನೋಡುವವರ ಕಣ್ಣು ಅಲ್ಲಿ ಇನ್ನೂ ಮರವನ್ನೇ ಹುಡುಕುತ್ತಿರುತ್ತದೆ. ಎತ್ತಿಕೊಳ್ಳಬೇಕಾದ್ದು ವಸ್ತುಗಳ ನಡುವಿನ ಸಂಬಂಧಗಳನ್ನು: ಯಾವ ಭಾಗ ಭಾರ, ಯಾವುದು ಹಗುರ, ಎಲ್ಲಿ ದಟ್ಟಣೆ, ಎಲ್ಲಿ ಬಯಲು, ಬಿಸಿ ಬಣ್ಣ ತಣ್ಣನೆಯ ಬಣ್ಣಕ್ಕೆ ಎಲ್ಲಿ ತಾಗುತ್ತದೆ.

ಇದನ್ನು ಕಲಿಯಲು ಚಿತ್ರಕಾರ ರಾಮ್ ಕುಮಾರ್ (1924–2018) ಅವರ ವಾರಾಣಸಿ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡುವುದು ಒಳ್ಳೆಯದು. ಶಿಮ್ಲಾದಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಚಿತ್ರಕಾರರಾದ ಆಂದ್ರೆ ಲೋತ್ ಮತ್ತು ಫರ್ನಾಂಡ್ ಲೆಜೆ ಅವರ ಬಳಿ ಕಲಿತವರು. ಐವತ್ತರ ದಶಕದಲ್ಲಿ ಅವರು ಬರೆದದ್ದು ನಗರದ ಮಂಕು ಮುಖದ ಮನುಷ್ಯರನ್ನು. 1960ರಲ್ಲಿ ಎಂ.ಎಫ್. ಹುಸೇನ್ ಜತೆ ವಾರಾಣಸಿಗೆ ಹೋದರು. ಅಲ್ಲಿಂದಾಚೆ ಚಿತ್ರದಿಂದ ಮನುಷ್ಯರು ಖಾಲಿಯಾದರು. ಮೊದಮೊದಲು ಘಾಟಿನ ಮೇಲೆ ಒಂದಕ್ಕೊಂದು ಒತ್ತಿಕೊಂಡ ಮನೆಗಳನ್ನು ಗುರುತಿಸಬಹುದು. ಆಮೇಲೆ ಮನೆಗಳು ಹಲಗೆಗಳಾಗುತ್ತವೆ, ಕಡೆಗೆ ಬೂದು, ಕಂದು, ನೀಲಿಯ ಓರೆ ತುಂಡುಗಳಷ್ಟೇ ಉಳಿಯುತ್ತವೆ. ಆದರೆ ಒಂದು ಕಡೆ ಇಕ್ಕಟ್ಟು, ಪಕ್ಕದಲ್ಲೇ ನೀರಿನ ತೆರಪು ಎಂಬ ಸಂಬಂಧವನ್ನು ಅವರು ಬಿಟ್ಟುಕೊಟ್ಟಿಲ್ಲ. (ಇವರು ಹಿಂದಿ ಕಥೆಗಾರರೂ ಹೌದು, ಕಾದಂಬರಿಕಾರ ನಿರ್ಮಲ್ ವರ್ಮಾ ಅವರ ಅಣ್ಣ. ಎಷ್ಟು ಬಿಡಬೇಕು ಎಂಬ ಅಂದಾಜು ಅಲ್ಲಿಂದಲೂ ಬಂದಿರಬಹುದು ಎಂಬುದು ನನ್ನ ಊಹೆ.)

ಇನ್ನೊಬ್ಬರು ಅಮೆರಿಕದ ಚಿತ್ರಕಾರ ರಿಚರ್ಡ್ ಡೀಬೆನ್‌ಕಾರ್ನ್. 1951ರಲ್ಲಿ ವಿಮಾನದಿಂದ ಕೆಳಗಿನ ನೆಲ ನೋಡಿದ್ದು ಅವರ ಚಿತ್ರಗಳ ಮೇಲೆ ಪ್ರಭಾವ ಬೀರಿತು. 1967ರಿಂದ ಸಾಂಟಾ ಮೋನಿಕಾದಲ್ಲಿ ಶುರುಮಾಡಿದ ‘ಓಷನ್ ಪಾರ್ಕ್’ ಸರಣಿಯಲ್ಲಿ ಬದಲಾಯಿಸಿದ ಗೆರೆ, ಮುಚ್ಚಿದ ಬಣ್ಣ ಎಲ್ಲವೂ ಮೇಲಿನ ಪದರದ ಅಡಿಯಿಂದ ಇಣುಕುತ್ತವೆ. ಅವರಿಂದ ಕಲಿಯಲು ಎರಡಿದೆ: ಮೇಲಿನಿಂದ ನೋಡಿದರೆ ದಿಗಂತ ರೇಖೆ ತಾನಾಗಿಯೇ ಹೋಗುತ್ತದೆ, ಮತ್ತು ತಿದ್ದಿದ್ದನ್ನು ಪೂರ್ತಿ ಮುಚ್ಚಬೇಕಾಗಿಲ್ಲ.

ದಿಗಂತ ರೇಖೆ ಸಣ್ಣ ವಿಷಯವಲ್ಲ. ಕ್ಯಾನ್ವಾಸಿನ ಎಡದಿಂದ ಬಲದವರೆಗೆ ಒಂದೇ ಅಡ್ಡಗೆರೆ ಎಳೆದರೆ ಸಾಕು, ಮೇಲೆ ಹಸಿರು ಬಳಿದರೂ ಅದು ಆಕಾಶವಾಗುತ್ತದೆ. ಗೆರೆಯನ್ನು ಕ್ಯಾನ್ವಾಸಿನ ಮೇಲ್ತುದಿಯ ಹತ್ತನೇ ಒಂದು ಭಾಗದೊಳಕ್ಕೆ ತಳ್ಳಿ, ಇಲ್ಲವೇ ಲಂಬವಾದ ತುಂಡುಗಳಿಂದ ಎರಡು ಕಡೆ ಕಡಿಯಿರಿ.

ಅಭ್ಯಾಸ: ಮಾತಂಗ ಬೆಟ್ಟದ ಮೇಲಿನಿಂದ ಹಂಪಿ

ನೋಟ ಕೆಳಮುಖ, ಹಾಗಾಗಿ ದಿಗಂತದ ಕಾಟ ಕಡಿಮೆ. ಕೆಳಗೆ ಅಚ್ಯುತರಾಯ ದೇವಸ್ಥಾನ, ಅದರೆದುರಿನ ಉದ್ದನೆಯ ಬಜಾರು, ಆಚೆ ತುಂಗಭದ್ರೆ, ಸುತ್ತ ಬಂಡೆರಾಶಿ, ನಡುನಡುವೆ ಬಾಳೆತೋಟ. ಪೆನ್ಸಿಲ್‌ನಲ್ಲಿ 2×3 ಇಂಚಿನ ನಾಲ್ಕು ಪುಟ್ಟ ಸ್ಕೆಚ್ ಮಾಡಿ. ಕಣ್ಣು ಕಿರಿದು ಮಾಡಿ ನೋಡಿದರೆ ಬರೀ ಮೂರು ಟೋನ್ ಉಳಿಯುತ್ತದೆ: ಬಿಸಿಲು ಬಿದ್ದ ಬಂಡೆ ತಿಳಿ, ತೋಟ ಗಾಢ, ಮಿಕ್ಕಿದ್ದು ನಡುವಿನದು. ಪ್ರತಿ ಸ್ಕೆಚ್‌ನಲ್ಲೂ ಈ ಮೂರರ ವಿಸ್ತಾರ ಸಮ ಇರಬಾರದು. ಸುಮಾರು 5:2:1 ಇಟ್ಟುಕೊಳ್ಳಿ. ಒಂದರಲ್ಲಿ ಬಂಡೆ ಐದು ಪಾಲು, ಇನ್ನೊಂದರಲ್ಲಿ ತೋಟ. ಸಮಪಾಲು ಮಾಡಿದ ಸ್ಕೆಚ್ ಯಾವಾಗಲೂ ಸಪ್ಪೆ.

ನಾಲ್ಕರಲ್ಲಿ ಒಂದನ್ನು ಆರಿಸಿ 24×36 ಇಂಚಿನ ಕ್ಯಾನ್ವಾಸ್‌ಗೆ ಏರಿಸಿ. ಕೆಲಸ ಮಾಡುವಾಗ ಎದುರಿಗೆ ಸ್ಕೆಚ್ ಮಾತ್ರ ಇರಲಿ. ಫೋಟೋ ಇಟ್ಟುಕೊಂಡರೆ ಗೋಪುರ, ಮಂಟಪ ಎಲ್ಲ ಒಂದೊಂದಾಗಿ ಹಿಂಬಾಗಿಲಿನಿಂದ ಒಳಗೆ ಬಂದುಬಿಡುತ್ತವೆ.

ಪದರಗಳ ಲೆಕ್ಕ

ಎಲ್ಲ ಪುಸ್ತಕದಲ್ಲೂ ಇರುವ ನಿಯಮ: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಎಣ್ಣೆ ಹೆಚ್ಚು. ಫ್ಯಾಟ್ ಓವರ್ ಲೀನ್ ಅನ್ನುವುದು ಇದನ್ನೇ. ಕಾರಣ ಸರಳ. ಅಗಸೆ ಎಣ್ಣೆ ನೀರಿನ ಹಾಗೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಎಣ್ಣೆ ಹೆಚ್ಚಿದ್ದರೆ ಪದರ ನಿಧಾನ ಗಟ್ಟಿಯಾಗುತ್ತದೆ, ಹೆಚ್ಚು ಬಾಗುತ್ತದೆ. ಮೇಲಿನದು ಬೇಗ ಬಿಗಿದುಕೊಂಡು, ಕೆಳಗಿನದು ಇನ್ನೂ ಅಲುಗಾಡುತ್ತಿದ್ದರೆ ಮೇಲ್ಮೈ ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರಿಯುತ್ತದೆ.

ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಗೊಂದಲ ಶುರುವಾಗುವುದು ಮೂರು ಕಡೆ.

ಒಂದು, ಬಣ್ಣ ತೆಳು ಮಾಡುವ ಟರ್ಪಂಟೈನ್ ಹಾಕಿದರೆ ಎಣ್ಣೆ ಕಡಿಮೆಯಾಗುತ್ತದೆಯೇ? ಆಗುವುದಿಲ್ಲ. ಟ್ಯೂಬಿನ 5 ಭಾಗ ಬಣ್ಣಕ್ಕೆ 1 ಭಾಗ ಟರ್ಪಂಟೈನ್ ಬೆರೆಸಿ. ಟರ್ಪಂಟೈನ್ ಆವಿಯಾಗಿ ಹೋದ ಮೇಲೆ ಉಳಿದ ಬಣ್ಣದ ಪುಡಿಗೂ ಎಣ್ಣೆಗೂ ಮೊದಲಿದ್ದ ಪ್ರಮಾಣವೇ ಇರುತ್ತದೆ. ಬದಲಾಗಿದ್ದು ಪದರದ ದಪ್ಪ. ತೆಳುವಾದ್ದರಿಂದ ಬೇಗ ಒಣಗುತ್ತದೆ, ಎಣ್ಣೆಯ ಒಂದಷ್ಟು ಪಾಲನ್ನು ಜೆಸ್ಸೋ ಹೀರಿಕೊಳ್ಳುತ್ತದೆ. ಅಷ್ಟಕ್ಕೇ ಅದು ಕೆಳಪದರಕ್ಕೆ ಸೂಕ್ತ. ಅತಿಯಾದರೆ ಪುಡಿಯನ್ನು ಹಿಡಿದಿಡಲು ಎಣ್ಣೆ ಸಾಲದೆ, ಒಣಗಿದ ಮೇಲೆ ಬೆರಳಲ್ಲಿ ಉಜ್ಜಿದರೆ ಬಣ್ಣ ಕೈಗೆ ಬರುತ್ತದೆ. ಹಾಗೆ ಬಂದರೆ ಅದರ ಮೇಲೆ ಏನನ್ನೂ ಹಚ್ಚಬೇಡಿ, ಒರೆಸಿ ತೆಗೆದು ಮತ್ತೆ ಬಳಿಯಿರಿ.

ಮೀಡಿಯಂ ಸೇರಿಸಿದಾಗ ಮಾತ್ರ ಎಣ್ಣೆಯ ಪ್ರಮಾಣ ನಿಜಕ್ಕೂ ಏರುತ್ತದೆ. 1 ಭಾಗ ಅಗಸೆ ಎಣ್ಣೆಗೆ 2 ಭಾಗ ಟರ್ಪಂಟೈನ್ ಬೆರೆಸಿದ ಮೀಡಿಯಂ ಅನ್ನು 5 ಭಾಗ ಬಣ್ಣಕ್ಕೆ 1 ಭಾಗ ಹಾಕಿದರೆ, ಹೆಚ್ಚುವರಿ ಎಣ್ಣೆ ಮೂರನೇ ಒಂದು ಭಾಗ. ಎರಡೂ ಸಮ ಬೆರೆಸಿದ 1:1 ಮೀಡಿಯಂ ಆದರೆ ಅರ್ಧ ಭಾಗ. ಬಣ್ಣದ ಐದನೇ ಒಂದು ಪಾಲಿಗಿಂತ ಹೆಚ್ಚು ಮೀಡಿಯಂ ಹಾಕದಿರುವುದು ಕ್ಷೇಮ. ಮೀರಿದರೆ ಮೇಲ್ಮೈ ಸುಕ್ಕುಗಟ್ಟುತ್ತದೆ, ಬರಬರುತ್ತ ಹಳದಿಯಾಗುತ್ತದೆ. ಹಾಗಾಗಿ ಮೂರು ಬಾಟಲಿ ಇಟ್ಟುಕೊಂಡು ಮೇಲೆ ಬರೆದು ಅಂಟಿಸಿ: ಬರೀ ಟರ್ಪಂಟೈನ್, 1:2, 1:1. ಕ್ರಮ ಹೀಗೆ: ಟರ್ಪಂಟೈನ್ ಹಾಕಿದ ತೆಳು ಬಣ್ಣ, ಆಮೇಲೆ ಟ್ಯೂಬಿನಿಂದ ನೇರ ಬಣ್ಣ, ಆಮೇಲೆ 1:2, ಕೊನೆಗೆ 1:1.

ಎರಡು, ದಪ್ಪ ಬೇರೆ, ಜಿಡ್ಡು ಬೇರೆ. ಪ್ಯಾಲೆಟ್ ನೈಫ್‌ನಿಂದ ಟ್ಯೂಬಿನ ಬಣ್ಣವನ್ನೇ ದಪ್ಪಕ್ಕೆ ಮೆತ್ತಿದರೆ ಅದರಲ್ಲಿ ಸೇರಿಸಿದ ಎಣ್ಣೆ ಸೊನ್ನೆ. 1:1 ಮೀಡಿಯಂ ಹಾಕಿದ ತೆಳು ಗ್ಲೇಜ್‌ನಲ್ಲಿ (ಅಡಿಯ ಬಣ್ಣ ಕಾಣುವಂಥ ಲೇಪ) ಎಣ್ಣೆ ಜಾಸ್ತಿ. ಲೆಕ್ಕದ ಪ್ರಕಾರ ಗ್ಲೇಜ್ ಮೇಲೆ ಬರಬಹುದು. ಆದರೆ ದಪ್ಪ ಬಣ್ಣ ಒಳಗೆ ಒಣಗಲು ತಿಂಗಳುಗಟ್ಟಲೆ ಬೇಕು. ಅತಿ ದಪ್ಪದ ಜಾಗದಲ್ಲಿ ಉಗುರು ಒತ್ತಿ ನೋಡಿ. ತಗ್ಗು ಬಿದ್ದರೆ ಕಾಯಬೇಕು.

ಮೂರು, ಇದು ಅಮೂರ್ತ ಮಾಡುವವರದೇ ತಲೆನೋವು. ನಿಸರ್ಗಚಿತ್ರಕ್ಕೆ ಪದರಗಳ ಯೋಜನೆ ಮೊದಲೇ ಇರುತ್ತದೆ. ಇಲ್ಲಿ ಹಚ್ಚು, ಕೆರೆ, ತಿರುಗಿಸಿ ನೋಡು, ಮತ್ತೆ ಹಚ್ಚು. ಇದರಲ್ಲಿ ಯಾವುದು ಎಷ್ಟನೇ ಪದರ? ಗಂಟು ಬಿಡಿಸುವ ಸೂತ್ರ ಒಂದೇ: ಒಣಗಿದ್ದನ್ನು ಮಾತ್ರ ಪದರ ಎಂದು ಎಣಿಸಿ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಎಷ್ಟು ಸಲ ಹಾಕಿದರೂ ಅದು ಒಂದೇ ಪದರ. ಅದೇ ದಿನ ಕೆರೆದು ತೆಗೆದರೆ ಆ ಪದರ ಲೆಕ್ಕದಲ್ಲೇ ಇಲ್ಲ. ಅದರ ಕೆಳಗಿನ ಒಣಗಿದ ಪದರದಿಂದ ಮತ್ತೆ ಎಣಿಸಿ.

ಅಪಾಯ ಇರುವುದು ನಡುವಿನ ಸ್ಥಿತಿಯಲ್ಲಿ. ಮೇಲೆ ಚರ್ಮ ಕಟ್ಟಿ, ಕೆಳಗೆ ಮೆತ್ತಗಿರುವ ಬಣ್ಣ. ಅದರ ಮೇಲೆ ಬ್ರಷ್ ಆಡಿಸಿದರೆ ಚರ್ಮ ಹರಿದು ಚೂರು ಚೂರಾಗಿ ಹೊಸ ಬಣ್ಣಕ್ಕೆ ಸೇರುತ್ತದೆ. ಅಂಟಂಟು ಇದ್ದಾಗ ಎರಡೇ ದಾರಿ: ಪೂರ್ತಿ ಕೆರೆದು ತೆಗೆಯಿರಿ, ಇಲ್ಲವೇ ಒಣಗಲು ಪಕ್ಕಕ್ಕಿಟ್ಟು ಬೇರೆ ಕ್ಯಾನ್ವಾಸ್ ಹಿಡಿಯಿರಿ. ಎರಡು ಮೂರು ಕ್ಯಾನ್ವಾಸ್ ಒಟ್ಟಿಗೆ ನಡೆಸುವುದರ ಅನುಕೂಲ ಇದೇ.

ಪೂರ್ತಿ ಒಣಗಿದ ಮೇಲೆ ಈ ಬಾಟಲಿಗಳ ಏಣಿಯಲ್ಲಿ ಕೆಳಗಿಳಿಯುವಂತಿಲ್ಲ. 1:1 ಪದರ ಒಣಗಿದ ಮೇಲೆ, ತೋಟದ ಹಸಿರು ಅತಿಯಾಯಿತು, ಒಂದು ಬೂದು ತೆಳು ಬಣ್ಣ ಎಳೆದು ತಗ್ಗಿಸೋಣ ಎನಿಸುತ್ತದೆ. ಕೈ ಟರ್ಪಂಟೈನ್‌ಗೇ ಹೋಗುತ್ತದೆ. ಹಾಗೆ ಎಳೆದ ಬಣ್ಣ ಮಣಿ ಮಣಿಯಾಗಿ ನಿಲ್ಲುತ್ತದೆ, ಒಣಗಿದ ಮೇಲೂ ಕೆಳಗಿನದಕ್ಕೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಮಾಡಬೇಕಾದ್ದು: ಅದೇ 1:1 ಮೀಡಿಯಂನಲ್ಲಿ ಬೂದು ಬೆರೆಸಿ, ಹಚ್ಚಿ, ಹತ್ತಿ ಬಟ್ಟೆಯಿಂದ ಉಜ್ಜಿ ಉಜ್ಜಿ ತೆಳು ಮಾಡಿ. ಮೇಲಿನ ಹಂತದಲ್ಲಿ ತೆಳು ಮಾಡುವ ಕೆಲಸ ಬಟ್ಟೆಯದು, ಟರ್ಪಂಟೈನ್‌ದಲ್ಲ. ಆದ್ದರಿಂದ ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು ಟ್ಯೂಬಿನ ಬಣ್ಣದಲ್ಲೇ ಇದ್ದು, 1:1 ಬಾಟಲಿಯ ಮುಚ್ಚಳ ತೆರೆಯುವುದನ್ನು ಮುಂದೂಡಿ. ಕ್ಯಾನ್ವಾಸಿನ ಹಿಂದಿನ ಮರದ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಮತ್ತು ಯಾವ ಬಾಟಲಿ ಎಂದು ಬರೆದಿಡಿ. ತಿಂಗಳು ಬಿಟ್ಟು ಬಂದಾಗ ನೆನಪು ಕೈಕೊಡುತ್ತದೆ.

ಬಣ್ಣದ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಬರ್ಂಟ್ ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ತಳಕ್ಕೆ ಹೇಳಿ ಮಾಡಿಸಿದ್ದು. ಐವರಿ ಬ್ಲ್ಯಾಕ್, ಅಲಿಜರಿನ್ ಕ್ರಿಮ್ಸನ್ ಬಲು ನಿಧಾನ, ತಳಕ್ಕೆ ಬೇಡವೇ ಬೇಡ. ಬಿಳಿಯಲ್ಲಿ ಟೈಟೇನಿಯಂ ವೈಟ್ ತೆಗೆದುಕೊಳ್ಳಿ. ಜಿಂಕ್ ವೈಟ್ ವರ್ಷಗಳು ಕಳೆದಂತೆ ಪೆಡಸಾಗಿ ಸೀಳುತ್ತದೆ. ಟ್ಯೂಬಿನ ಹಿಂದೆ ಪಿಡಬ್ಲ್ಯು 6 ಎಂದಿದ್ದರೆ ಟೈಟೇನಿಯಂ, ಪಿಡಬ್ಲ್ಯು 4 ಎಂದಿದ್ದರೆ ಜಿಂಕ್. ಎರಡೂ ಬೆರೆತ ಬಿಳಿಗಳೂ ಅಂಗಡಿಯಲ್ಲಿ ಇರುತ್ತವೆ, ಓದಿಯೇ ಕೊಳ್ಳಿ.

ಕೆರೆಯುವುದು, ಪೇಪರ್ ಒತ್ತುವುದು

ಹಚ್ಚುವುದಕ್ಕಿಂತ ತೆಗೆಯುವುದರಲ್ಲೇ ಈ ಚಿತ್ರಗಳ ಅರ್ಧ ಚೆಲುವು. ಅಂಬರ್ ತಳ ಒಣಗಿದ ಮೇಲೆ ಬಂಡೆಯ ಬೂದು-ಗುಲಾಬಿಯನ್ನು ನೈಫ್‌ನಿಂದ ಮೆತ್ತಿ, ಹತ್ತು ನಿಮಿಷದೊಳಗೆ ನೈಫ್ ಅನ್ನು ಮಲಗಿಸಿದಂತೆ ಹಿಡಿದು ಒಂದೇ ಎಳೆತದಲ್ಲಿ ಕೆರೆಯಿರಿ. ಕ್ಯಾನ್ವಾಸಿನ ನೇಯ್ಗೆಯ ತಗ್ಗಿನಲ್ಲಿ ಬಣ್ಣ ಉಳಿದು, ಉಬ್ಬಿನಲ್ಲಿ ತಳದ ಕಂದು ಕಾಣುತ್ತದೆ. ಬ್ರಷ್‌ನಿಂದ ಈ ಕಲ್ಲಿನ ಮೈ ಬರುವುದೇ ಇಲ್ಲ. ಹಿಂದೆ ಮರದ ಪಟ್ಟಿ ಇರುವ ಕಡೆ ಒತ್ತಿದರೆ ಅದರ ಗೆರೆ ಮೂಡುತ್ತದೆ. ಅಲ್ಲಿ ಕ್ಯಾನ್ವಾಸ್ ಮತ್ತು ಪಟ್ಟಿಯ ನಡುವೆ ರಟ್ಟು ತೂರಿಸಿ.

ಇನ್ನೊಂದು, ಹಳೆಯ ನ್ಯೂಸ್‌ಪೇಪರ್. ಹಸಿ ಬಣ್ಣದ ಮೇಲೆ ಹಾಸಿ, ಅಂಗೈಯಿಂದ ಸವರಿ, ಒಂದು ಮೂಲೆಯಿಂದ ಎತ್ತಿ. ಹೆಚ್ಚಿನ ಬಣ್ಣವೂ ಎಣ್ಣೆಯೂ ಪೇಪರಿಗೆ ಹೋಗಿ, ಮೆತ್ತನೆಯ ಅಂಚುಗಳ ತೆಳು ಪದರ ಉಳಿಯುತ್ತದೆ. ಲಂಡನ್ನಿನ ಸ್ಲೇಡ್ ಶಾಲೆಯ ಮೇಷ್ಟ್ರು ಹೆನ್ರಿ ಟಾಂಕ್ಸ್ ಹೆಸರಿನಿಂದ ಇದಕ್ಕೆ ಟಾಂಕಿಂಗ್ ಎನ್ನುತ್ತಾರೆ. ನಮ್ಮಲ್ಲಿ ಅಮೂರ್ತ ಚಿತ್ರಕಾರ ವಿ.ಎಸ್. ಗಾಯ್ತೊಂಡೆ ರೋಲರ್, ನೈಫ್ ಬಳಸಿ, ಕಾಗದದಿಂದ ಬಣ್ಣ ಎತ್ತಿ ಮಾಡಿದ ಚಿತ್ರಗಳಲ್ಲಿ ಈ ಬಗೆಯ ತೆಗೆಯುವಿಕೆ ಎಷ್ಟು ದೂರ ಹೋಗಬಲ್ಲದೆಂದು ಕಾಣುತ್ತದೆ. ಪೇಪರ್ ಹೊಳಪಿನದಾಗಿರಬಾರದು, ಎಣ್ಣೆ ಹೀರುವುದಿಲ್ಲ. ಪದರದ ಲೆಕ್ಕಕ್ಕೂ ಇದು ಅನುಕೂಲ: ಎಣ್ಣೆ ಕಡಿಮೆಯಾಗುವುದರಿಂದ ಮೇಲೆ ಇನ್ನೊಂದು ಪದರಕ್ಕೆ ಜಾಗ ಸಿಗುತ್ತದೆ. ಚಿತ್ರ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅನಿಸಿದಾಗ ಹೊಸ ಬಣ್ಣ ಸೇರಿಸುವ ಮೊದಲು ಒಂದು ಪೇಪರ್ ಒತ್ತಿ ನೋಡುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಬಣ್ಣಗಳು

ಆರು ಸಾಕು: ಟೈಟೇನಿಯಂ ವೈಟ್, ಯೆಲ್ಲೋ ಓಕರ್, ಲೆಮನ್ ಯೆಲ್ಲೋ, ಬರ್ಂಟ್ ಸಿಯೆನ್ನಾ, ಬರ್ಂಟ್ ಅಂಬರ್, ಅಲ್ಟ್ರಾಮರೀನ್. ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಬೆರೆಸಿ ಬಿಳಿ ಸೇರಿಸಿದರೆ ಬೂದು. ಸಿಯೆನ್ನಾ ಹೆಚ್ಚಿದರೆ ಬೆಳಗಿನ ಬಂಡೆ, ನೀಲಿ ಹೆಚ್ಚಿದರೆ ಅದರ ನೆರಳು. ಬಾಳೆಯ ಹಸಿರಿಗೆ ಟ್ಯೂಬಿನ ಹಸಿರು ಬೇಡ, ಲೆಮನ್ ಯೆಲ್ಲೋಗೆ ಅಲ್ಟ್ರಾಮರೀನ್, ಅದು ಕಿರುಚಿದರೆ ಚೂರು ಸಿಯೆನ್ನಾ. ಪ್ರತಿ ದೊಡ್ಡ ಭಾಗಕ್ಕೂ ಪಕ್ಕದ ಭಾಗದ ಬಣ್ಣ ಒಂದಿಷ್ಟು ಬೆರೆಸಿದರೆ ಎಲ್ಲ ಒಂದೇ ಬೆಳಕಿನಲ್ಲಿ ಕೂರುತ್ತದೆ.

ಒಣಗಿಸುವುದು

ಅಂಬರ್ ತಳಕ್ಕೆ ಒಂದೆರಡು ದಿನ, ಬಿಳಿ ಬೆರೆತ ಪದರಕ್ಕೆ ವಾರ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಹೆಚ್ಚು. ಗೋಡೆಗೆ ಒರಗಿಸಿಟ್ಟರೆ ಹಿಂಬದಿಯಲ್ಲಿ ಬೂಷ್ಟು ಹಿಡಿಯುತ್ತದೆ, ಗಾಳಿ ಆಡುವಂತೆ ಬಿಡಿ. ಒಣಗಿದಾಗ ಅಲ್ಲಲ್ಲಿ ಮಂಕು ಕಲೆ ಬಂದರೆ ಕೆಳಗಿನ ಪದರ ಎಣ್ಣೆ ಹೀರಿದೆ ಎಂದರ್ಥ. 1:1 ಮೀಡಿಯಂ ಒಂದೆರಡು ಹನಿ ಬಟ್ಟೆಗೆ ಹಾಕಿ ಆ ಜಾಗಕ್ಕೆ ಉಜ್ಜಿ, ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ವಾರ್ನಿಷ್ ಆರು ತಿಂಗಳಿಂದ ಒಂದು ವರ್ಷ ಬಿಟ್ಟು.

ಅಗಸೆ ಎಣ್ಣೆ ಹಿಡಿದ ಬಟ್ಟೆ, ಪೇಪರ್‌ಗಳನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಎಣ್ಣೆ ಆಮ್ಲಜನಕ ಹೀರುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿಗೆ ಹೊರಹೋಗಲು ದಾರಿಯಿಲ್ಲದೆ ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ.