ಆ ದಿನಾಂಕವನ್ನು ಕಾಪಾಡಿಕೊಂಡು ಏನು ಮಾಡುತ್ತೀರಿ?

ಆಸ್ಟ್ರೇಲಿಯಾದ ಕೌಶಲ ವೀಸಾಕ್ಕೆ ಇಒಐ (ವಲಸೆಗೆ ಆಸಕ್ತಿಯಿದೆ ಎಂದು ತಿಳಿಸುವ ಆನ್‌ಲೈನ್ ನಿವೇದನೆ) ಸಲ್ಲಿಸಿ, ವೀಸಾಕ್ಕೆ ಅರ್ಜಿ ಹಾಕಲು ಬರಬೇಕಾದ ಆಹ್ವಾನಕ್ಕಾಗಿ ಕಾದಿರುವ ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರು ದೋಹಾದಲ್ಲೋ ದುಬೈಯಲ್ಲೋ ಇರುತ್ತಾರೆ. ಮಂಗಳೂರಿನ ಕಚೇರಿಗೆ ಬಂದು ವಿಚಾರಿಸುವವರು ಅವರ ತಂದೆ, ಮಾವ ಅಥವಾ ಅಣ್ಣ. ಅವರೆಲ್ಲರ ಪ್ರಶ್ನೆ ಒಂದೇ: “ಮೇಡಂ, ನಮ್ಮ ಹುಡುಗನ ನಂಬರ್ ಈಗ ಎಷ್ಟಕ್ಕೆ ಬಂತು?” ಅಂಥ ನಂಬರ್ ಎಂಬುದೇ ಇಲ್ಲವೆಂದರೆ, ಈಕೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂಬ ಅನುಮಾನ ಅವರ ಮುಖದಲ್ಲಿ ಕಾಣುತ್ತದೆ. ಅವರನ್ನು ದೂರುವಂತೆಯೂ ಇಲ್ಲ. ಕಟೀಲು ಮೇಳದ ಯಕ್ಷಗಾನ ಆಟಕ್ಕೆ ಹರಕೆ ಹೊತ್ತು ಹೆಸರು ಬರೆಸಿದವರಿಗೆ, ಎಷ್ಟೇ ವರ್ಷ ತಡವಾದರೂ ತಮ್ಮ ಸರದಿಯ ರಾತ್ರಿ ಬಂದೇ ಬರುತ್ತದೆ ಎಂಬ ಭರವಸೆ ಇರುತ್ತದೆ. ಇಒಐ ಸಲ್ಲಿಸುವುದನ್ನೂ ನಮ್ಮವರು ಅದೇ ರೀತಿ ಹೆಸರು ಬರೆಸುವುದೆಂದು ತಿಳಿದಿದ್ದಾರೆ. ವ್ಯತ್ಯಾಸವೇನೆಂದರೆ ಇಲ್ಲಿ ಸರದಿಯೇ ಇಲ್ಲ. ನಿಮಗಿಂತ ಹೆಚ್ಚು ಅಂಕವಿರುವವನು ನಿನ್ನೆ ಸಂಜೆ ಹೆಸರು ಬರೆಸಿದ್ದರೂ ಇಂದು ನಿಮಗಿಂತ ಮುಂದೆ ಇರುತ್ತಾನೆ.

189 (ಸ್ವತಂತ್ರ), 190 (ರಾಜ್ಯದ ನಾಮನಿರ್ದೇಶನ) ಮತ್ತು 491 (ರೀಜನಲ್) ವೀಸಾಗಳ ನಡುವಿನ ವ್ಯತ್ಯಾಸ, ಕನಿಷ್ಠ 65 ಅಂಕದ ನಿಯಮ, ಉದ್ಯೋಗ ಪಟ್ಟಿ, ಕೌಶಲ ಮೌಲ್ಯಮಾಪನ ಇವೆಲ್ಲ ಇಷ್ಟು ದೂರ ಬಂದವರಿಗೆ ಗೊತ್ತಿರುತ್ತವೆ ಎಂದುಕೊಂಡು ಬರೆಯುತ್ತಿದ್ದೇನೆ. ಗೊತ್ತಿದ್ದೂ ತಪ್ಪುವುದು ಒಂದೇ ಕಡೆ, ಅದು ‘ಡೇಟ್ ಆಫ್ ಎಫೆಕ್ಟ್’ ಎಂಬ ದಿನಾಂಕದ ವಿಷಯದಲ್ಲಿ. ನಿಮ್ಮ ಇಒಐ ಈಗಿರುವ ಅಂಕವನ್ನು ಯಾವ ದಿನ ಮುಟ್ಟಿತೋ ಆ ದಿನವೇ ಅದರ ಡೇಟ್ ಆಫ್ ಎಫೆಕ್ಟ್. 2012ರ ಜುಲೈಯಲ್ಲಿ ಸ್ಕಿಲ್‌ಸೆಲೆಕ್ಟ್ ಎಂಬ, ಇಒಐ ಸ್ವೀಕರಿಸಿ ಆಹ್ವಾನ ಕಳುಹಿಸುವ ಆನ್‌ಲೈನ್ ವ್ಯವಸ್ಥೆ ಬಂದಂದಿನಿಂದ, ಸಮಾನ ಅಂಕದವರಲ್ಲಿ ಯಾರನ್ನು ಮೊದಲು ಕರೆಯಬೇಕು ಎಂಬುದನ್ನು ತೀರ್ಮಾನಿಸಲು ಇದನ್ನು ಬಳಸುತ್ತಾರೆ. ‘ಸಮಾನ ಅಂಕದವರಲ್ಲಿ’ ಎಂಬ ಮಾತನ್ನು ನಾನು ಎಷ್ಟು ಒತ್ತಿ ಹೇಳಿದರೂ ಕೇಳುವವರ ಕಿವಿಗೆ ‘ಮೊದಲು’ ಎಂಬುದು ಮಾತ್ರ ಬೀಳುತ್ತದೆ.

ಉಡುಪಿ ಕಡೆಯ ಒಬ್ಬ ಸಿವಿಲ್ ಇಂಜಿನಿಯರ್ ದೋಹಾದಲ್ಲಿದ್ದುಕೊಂಡು ಇಒಐ ಹಾಕಿದಾಗ ಆತನಿಗೆ 31 ವರ್ಷ. ವಯಸ್ಸಿಗೆ 30 ಅಂಕ, ಬಿ.ಇ. ಪದವಿಗೆ 15, ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗಗಳಲ್ಲಿ 7 ಬಂದಿದ್ದರಿಂದ ಇಂಗ್ಲಿಷಿಗೆ 10, ಐದು ವರ್ಷ ಮೀರಿದ ಅನುಭವಕ್ಕೆ 10, ಅವಿವಾಹಿತನಾದ್ದರಿಂದ ಇನ್ನೊಂದು 10, ಒಟ್ಟು 75. ನಾಲ್ಕೂ ವಿಭಾಗಗಳಲ್ಲಿ 8 ತೆಗೆದರೆ ಇಂಗ್ಲಿಷಿಗೆ 20 ಸಿಗುತ್ತದೆ, ಒಟ್ಟು 85 ಆಗುತ್ತದೆ, ಆತನ ಇಂಗ್ಲಿಷ್ ಅದಕ್ಕೆ ತಕ್ಕಷ್ಟಿದೆ, ಆದ್ದರಿಂದ ಇನ್ನೊಮ್ಮೆ ಪರೀಕ್ಷೆ ಬರೆಯಲಿ ಎಂದು ನಾನು ಹೇಳಿದೆ. ಆತ ಒಪ್ಪಲಿಲ್ಲ. “ಪಾಯಿಂಟ್ ಬದಲಾದರೆ ನನ್ನ ಡೇಟ್ ಹೋಗುತ್ತದಲ್ಲ ಮೇಡಂ? ಈಗಾಗಲೇ ಎಂಟು ತಿಂಗಳ ಸೀನಿಯಾರಿಟಿ ಇದೆ,” ಎಂದ.

ಡೇಟ್ ಹೋಗುತ್ತದೆ ಎಂಬುದು ನಿಜ. ಹೋದರೆ ನಷ್ಟವೇನು ಎಂಬುದನ್ನು ಮಾತ್ರ ಆತ ಲೆಕ್ಕ ಹಾಕಿರಲಿಲ್ಲ. ಆಹ್ವಾನದ ಸುತ್ತು ನಡೆದಾಗ ಒಂದು ಉದ್ಯೋಗದಲ್ಲಿ ಮೊದಲು 95 ಇರುವವರನ್ನು ಕರೆಯುತ್ತಾರೆ, ಅವರು ಮುಗಿದರೆ 90ರವರನ್ನು, ಆಮೇಲೆ 85ರವರನ್ನು, ಹೀಗೆ ಕೆಳಗಿಳಿಯುತ್ತಾರೆ. ಆ ಸುತ್ತಿನ ಸ್ಥಾನಗಳು ಎಲ್ಲಿ ಮುಗಿದವೋ ಅಲ್ಲಿ ನಿಲ್ಲಿಸುತ್ತಾರೆ. ನಿಂತ ಜಾಗದಲ್ಲಿ, ಉದಾಹರಣೆಗೆ 85ರವರಲ್ಲಿ ಅರ್ಧ ಜನರಿಗಷ್ಟೇ ಸ್ಥಾನ ಉಳಿದಿದ್ದರೆ, ಆ ಅರ್ಧ ಯಾರೆಂಬುದನ್ನು ದಿನಾಂಕ ನೋಡಿ ನಿರ್ಧರಿಸುತ್ತಾರೆ. ದಿನಾಂಕಕ್ಕೆ ಇರುವ ಕೆಲಸ ಅಷ್ಟು ಮಾತ್ರ. ನಿನ್ನೆ 85ಕ್ಕೆ ಏರಿದವನು 85ರವರ ಕೊನೆಯಲ್ಲಿ ನಿಲ್ಲುತ್ತಾನೆ, ಸರಿ. ಆದರೆ 85ರವರಲ್ಲಿ ಕೊನೆಯವನೂ 80ರವರಲ್ಲಿ ಮೊದಲನೆಯವನಿಗಿಂತ ಮುಂದಿದ್ದಾನೆ, ಮತ್ತು 75ರಲ್ಲಿ ಎರಡು ವರ್ಷದಿಂದ ನಿಂತವನಿಗಿಂತ ಎಷ್ಟೋ ಮುಂದಿದ್ದಾನೆ. ಸುತ್ತು 85ರಲ್ಲೇ ನಿಂತುಹೋದರೆ 75ರವನ ಎಂಟು ತಿಂಗಳ ಹಿರಿತನವನ್ನು ಯಾರೂ ತೆರೆದೂ ನೋಡುವುದಿಲ್ಲ. ಸರ್ಕಾರಿ ನೌಕರಿಯ ಬಡ್ತಿ ಪಟ್ಟಿ ನೋಡಿ ಬೆಳೆದ ನಮಗೆ ಸೇವಾ ಹಿರಿತನವನ್ನು ಬಿಟ್ಟುಕೊಡುವುದೆಂದರೆ ಜೀವ ಹೋದಷ್ಟು ಸಂಕಟ, ಅದು ನನಗೂ ಅರ್ಥವಾಗುತ್ತದೆ.

ಇನ್ನೂ ಒಂದು ವಿಷಯವನ್ನು ಆತನಿಗೆ ತಿಳಿಸಿದ್ದೆ. ಅಂಕ ಏರಿದಾಗ ಮಾತ್ರವಲ್ಲ, ಇಳಿದಾಗಲೂ ದಿನಾಂಕ ಬದಲಾಗುತ್ತದೆ. 25ರಿಂದ 32ರವರೆಗಿನ ವಯಸ್ಸಿಗೆ 30 ಅಂಕ, 33 ತುಂಬಿದ ದಿನದಿಂದ 25, 40 ತುಂಬಿದರೆ 15. ಹುಟ್ಟುಹಬ್ಬದ ದಿನ ಕಂಪ್ಯೂಟರ್ ತಾನಾಗಿಯೇ ಅಂಕ ಕಡಿಮೆ ಮಾಡುತ್ತದೆ. ಇಂಜಿನಿಯರಿಗೆ 33 ತುಂಬಿತು, 75 ಹೋಗಿ 70 ಆಯಿತು, ಜತನದಿಂದ ಕಾಪಾಡಿದ್ದ ದಿನಾಂಕವೂ ಹೋಯಿತು. ಆಮೇಲೆ ಪರೀಕ್ಷೆ ಬರೆದು ನಾಲ್ಕೂ ವಿಭಾಗಗಳಲ್ಲಿ 8 ತೆಗೆದ, ಈಗ ಆತನ ಅಂಕ 80. ಮೊದಲೇ ಬರೆದಿದ್ದರೆ 85ರಲ್ಲಿ ಕೆಲವು ಸುತ್ತುಗಳನ್ನಾದರೂ ಕಾಣುತ್ತಿದ್ದ. ಕಂಡಿದ್ದರೆ ಆಹ್ವಾನ ಸಿಗುತ್ತಿತ್ತೇ ಎಂಬುದಕ್ಕೆ ನಾನು ಖಾತರಿ ಕೊಡಲಾರೆ. ಈ ವಿಷಯದಲ್ಲಿ ಖಾತರಿ ಕೊಡುವವರ ಬಳಿಗೆ ಹೋಗಬೇಡಿ.

ದಿನಾಂಕದ ಮೇಲಿನ ಈ ಭಕ್ತಿ ಎಲ್ಲಿಯವರೆಗೆ ಹೋಗುತ್ತದೆ ಎಂದರೆ, ಪಾಸ್‌ಪೋರ್ಟ್ ನವೀಕರಿಸಿದ ಮೇಲೆ ಹೊಸ ಸಂಖ್ಯೆಯನ್ನು ಇಒಐಯಲ್ಲಿ ತಿದ್ದಲು ಹೆದರುವವರೂ ಇದ್ದಾರೆ. ಅಂಕ ಬದಲಾಗದ ತಿದ್ದುಪಡಿಯಿಂದ ದಿನಾಂಕ ಬದಲಾಗುವುದಿಲ್ಲ. ಪಾಸ್‌ಪೋರ್ಟ್ ಸಂಖ್ಯೆ, ಫೋನ್, ವಿಳಾಸ ಎಲ್ಲವನ್ನೂ ಧೈರ್ಯವಾಗಿ ಸರಿಪಡಿಸಿ.

ಸುತ್ತು ಯಾವಾಗ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ಮೊದಲೇ ನಿಗದಿಯಾದ ವೇಳಾಪಟ್ಟಿ ಇಲ್ಲ. ಅಲ್ಲಿಯ ವಲಸೆ ವರ್ಷ ಜುಲೈಯಿಂದ ಜೂನ್‌ವರೆಗೆ. 2024-25ರಲ್ಲಿ 189ರ ಸುತ್ತುಗಳು ಸೆಪ್ಟೆಂಬರ್ ಮತ್ತು ನವೆಂಬರಿನಲ್ಲಿ ನಡೆದವು. ಅದರ ನಂತರದ್ದು ನಡೆದದ್ದು 2025ರ ಆಗಸ್ಟಿನಲ್ಲಿ. ನಡುವಿನ ತಿಂಗಳುಗಳಲ್ಲಿ ‘ಈ ಗುರುವಾರ ಖಂಡಿತ’ ಎಂಬ ವಾಟ್ಸ್ಯಾಪ್ ಸಂದೇಶಗಳು ವಾರಕ್ಕೊಮ್ಮೆ ನನಗೂ ಬರುತ್ತಿದ್ದವು. 2023-24ರಲ್ಲಿ ಈ ವರ್ಗಕ್ಕೆ 30,375 ಸ್ಥಾನಗಳಿದ್ದವು, ಮರುವರ್ಷ 16,900 ಮಾಡಿದರು. ಇದರಲ್ಲಿ ಮಡದಿ ಮಕ್ಕಳೂ ಲೆಕ್ಕಕ್ಕೆ ಸೇರುತ್ತಾರೆ. ಹೀಗಿರುವಾಗ ಹಿಂದಿನ ಸುತ್ತಿನ ಕಟ್-ಆಫ್ ನೋಡಿ ಮುಂದಿನದನ್ನು ಊಹಿಸುವುದರಲ್ಲಿ ಅರ್ಥವಿಲ್ಲ. ಅದರಲ್ಲೂ ಪಕ್ಕದ ಮನೆಯ ನರ್ಸ್ ಹುಡುಗಿಗೆ ಇಷ್ಟಕ್ಕೇ ಸಿಕ್ಕಿತು ಎಂದು ತಮ್ಮ ಸಾಫ್ಟ್‌ವೇರ್ ಮಗನ ಬಗ್ಗೆ ಲೆಕ್ಕ ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಆರೋಗ್ಯ ಮತ್ತು ಶಿಕ್ಷಣದ ಉದ್ಯೋಗಗಳಿಗೆ ಅಲ್ಲಿ ಆದ್ಯತೆ ಇರುವುದರಿಂದ ಅವರು ಕಡಿಮೆ ಅಂಕಕ್ಕೆ ಕರೆಸಿಕೊಳ್ಳುತ್ತಾರೆ. ಅಕೌಂಟೆಂಟರಿಗೂ ಸಾಫ್ಟ್‌ವೇರಿನವರಿಗೂ ಆ ಅಂಕ ಏನೇನೂ ಸಾಲದು.

ಕಾಯುವಾಗ ಕೈಕಟ್ಟಿ ಕುಳಿತವರಿಗೆ ಆಗುವ ಹಾನಿ ಇದಕ್ಕಿಂತ ಗಂಭೀರವಾದದ್ದು. ಇಒಐಯಲ್ಲಿ ಈಗಿನ ಕೆಲಸದ ಮುಕ್ತಾಯ ದಿನಾಂಕವನ್ನು ಖಾಲಿ ಬಿಟ್ಟರೆ, ಅನುಭವ ಇನ್ನೂ ಮುಂದುವರಿಯುತ್ತಿದೆ ಎಂದು ತಿಳಿದು ಕಂಪ್ಯೂಟರ್ ವರ್ಷ ಕೂಡಿಸುತ್ತಾ ಹೋಗುತ್ತದೆ. ಮೂರು ವರ್ಷಕ್ಕೆ 5, ಐದಕ್ಕೆ 10, ಎಂಟಕ್ಕೆ 15. ನಮ್ಮ ಹುಡುಗ ಕಂಪನಿ ಬಿಟ್ಟು ಊರಿಗೆ ಬಂದು, ಮನೆ ಕಟ್ಟಿಸುವುದರಲ್ಲೋ ತಂದೆಯ ಚಿಕಿತ್ಸೆಯಲ್ಲೋ ಒಂದು ವರ್ಷ ಕಳೆದಿರುತ್ತಾನೆ. ಇಒಐಗೆ ಆ ಸುದ್ದಿ ಯಾರೂ ಹೇಳಿರುವುದಿಲ್ಲ. ಒಂದು ಬೆಳಿಗ್ಗೆ ಐದು ಅಂಕ ಏರಿ ಆಹ್ವಾನವೂ ಬರುತ್ತದೆ, ಮನೆಯಲ್ಲಿ ಪಾಯಸವೂ ಆಗುತ್ತದೆ. ಆದರೆ ಆ ಐದು ಅಂಕಕ್ಕೆ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ಪತ್ರ ಎಲ್ಲಿಂದ ತರುವುದು? ಆಹ್ವಾನದಲ್ಲಿ ಕಾಣಿಸಿದ ಅಂಕವನ್ನು ದಾಖಲೆಯಿಂದ ಸಾಬೀತುಪಡಿಸಲಾಗದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ, ಮುಖ್ಯ ಅರ್ಜಿದಾರನೊಬ್ಬನಿಗೇ ನಾಲ್ಕು ಸಾವಿರ ಆಸ್ಟ್ರೇಲಿಯನ್ ಡಾಲರ್ ಮೀರುವ ಶುಲ್ಕ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಇಂಥ ಆಹ್ವಾನವನ್ನು ಬಿಟ್ಟುಬಿಡಿ ಎಂದು ಹೇಳುವುದು ನನ್ನ ವೃತ್ತಿಯ ಅತ್ಯಂತ ಅಪ್ರಿಯ ಕೆಲಸ. ಐಟಿಯವರು ಇನ್ನೊಂದನ್ನೂ ನೆನಪಿಡಬೇಕು: ಅವರ ಕೌಶಲ ಅಳೆಯುವ ಎಸಿಎಸ್ (ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ) ಸಂಸ್ಥೆ ಮೌಲ್ಯಮಾಪನದಲ್ಲಿ ಮೊದಲ ಕೆಲವು ವರ್ಷಗಳನ್ನು ಕಳೆದು ಉಳಿದದ್ದನ್ನಷ್ಟೇ ಅನುಭವವೆಂದು ಒಪ್ಪುತ್ತದೆ, ಕೆಲಸಕ್ಕೆ ಸೇರಿದ ದಿನದಿಂದ ಎಣಿಸಬಾರದು.

ಎರಡನೆಯ ಹಾನಿ ಮದುವೆಯಿಂದ. ನಗಬೇಡಿ. ಅವಿವಾಹಿತನಿಗೆ 10 ಅಂಕವಿದೆ. ಮದುವೆಯಾದ ಮೇಲೆ ಹೆಂಡತಿಯ ವಯಸ್ಸು, ಉದ್ಯೋಗ, ಇಂಗ್ಲಿಷ್ ಮೂರೂ ನಿಯಮಕ್ಕೆ ಹೊಂದಿ ಆಕೆಯ ಕೌಶಲ ಮೌಲ್ಯಮಾಪನವೂ ಆಗಿದ್ದರೆ 10 ಉಳಿಯುತ್ತದೆ. ಐಇಎಲ್‌ಟಿಎಸ್‌ನ ಪ್ರತಿ ವಿಭಾಗದಲ್ಲಿ 6 ಮಾತ್ರ ಇದ್ದರೆ 5. ಅದೂ ಇಲ್ಲದಿದ್ದರೆ ಸೊನ್ನೆ. ಮದುವೆ ಮೇ ತಿಂಗಳಿನಲ್ಲಿ ನಡೆದಿರುತ್ತದೆ, ಇಒಐಯಲ್ಲಿ ವರ ಇನ್ನೂ ಬ್ರಹ್ಮಚಾರಿಯಾಗಿಯೇ ಇರುತ್ತಾನೆ. ಸೊಸೆ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು, ಕಾಲೇಜಿನಿಂದ ಪತ್ರ ತರಿಸುತ್ತೇವೆ ಎಂದು ಮಾವನವರು ಹೇಳುತ್ತಾರೆ. ಆ ಪತ್ರ ಹೆಚ್ಚುವರಿ ಶುಲ್ಕವೊಂದನ್ನು ತಪ್ಪಿಸಲು ಉಪಯೋಗಕ್ಕೆ ಬರಬಹುದು, ಅಂಕಕ್ಕೆ ಬರುವುದಿಲ್ಲ. ಅಂಕಕ್ಕೆ ಪರೀಕ್ಷೆಯೇ ಬೇಕು, ಅದರ ಫಲಿತಾಂಶ ಆಹ್ವಾನ ಬರುವ ದಿನಕ್ಕೆ ಮೊದಲೇ ಕೈಯಲ್ಲಿರಬೇಕು. ಮುಹೂರ್ತ ನೋಡುವಾಗಲೇ ಹುಡುಗಿಗೂ ಪರೀಕ್ಷೆಯ ದಿನ ಗೊತ್ತು ಮಾಡಿ ಎಂದು ನಾನು ಸಲಹೆ ಕೊಟ್ಟದ್ದುಂಟು. ಒಬ್ಬಳು ವಧು ಮೆಹಂದಿ ಹಚ್ಚಿದ ಕೈಯಲ್ಲೇ ಹೋಗಿ ಬರೆದು, ಗಂಡನಿಗಿಂತ ಹೆಚ್ಚು ಬ್ಯಾಂಡ್ ತಂದಳು. ಈಗ ಆಕೆಯ ಹೆಸರಿನಲ್ಲೇ ಪ್ರತ್ಯೇಕ ಇಒಐ ಇದೆ; ಹಾಗೆ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಸಲ್ಲಿಸಲು ಅಡ್ಡಿಯಿಲ್ಲ.

ಆಹ್ವಾನ ಬಂದ ದಿನದಿಂದ 60 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು, ಆ ಅವಧಿಯನ್ನು ವಿಸ್ತರಿಸುವುದಿಲ್ಲ. ಇಂಗ್ಲಿಷ್ ಫಲಿತಾಂಶ ಮೂರು ವರ್ಷದೊಳಗಿನದ್ದಾಗಿರಬೇಕು. ಕೌಶಲ ಮೌಲ್ಯಮಾಪನಕ್ಕೂ ಹೆಚ್ಚೆಂದರೆ ಮೂರು ವರ್ಷ ಆಯುಷ್ಯ, ಪತ್ರದಲ್ಲಿ ಅದಕ್ಕಿಂತ ಕಡಿಮೆ ನಮೂದಿಸಿದ್ದರೆ ಅಷ್ಟೇ. ಇಒಐ ಎರಡು ವರ್ಷಕ್ಕೆ ರದ್ದಾಗುತ್ತದೆ. ಈ ಮೂರು ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡವರನ್ನು ನಾನು ಬೆರಳೆಣಿಕೆಯಷ್ಟೇ ಕಂಡಿದ್ದೇನೆ. ಕೊಲ್ಲಿಯಲ್ಲಿ ಇದ್ದಾಗಲೇ ಕಂಪನಿಯಿಂದ ಕೆಲಸದ ವಿವರವುಳ್ಳ ಅನುಭವ ಪತ್ರವನ್ನೂ, ಅಲ್ಲಿಯ ಪೊಲೀಸ್ ಪ್ರಮಾಣಪತ್ರಕ್ಕೆ ಬೇಕಾದ ಗುರುತಿನ ದಾಖಲೆಗಳ ಪ್ರತಿಯನ್ನೂ ಮಾಡಿಸಿಟ್ಟುಕೊಳ್ಳಿ. ಊರಿಗೆ ಮರಳಿದ ಮೇಲೆ, ಕಂಪನಿಯ ಎಚ್.ಆರ್. ಬದಲಾದ ಮೇಲೆ, ಅದಕ್ಕೆ ಪಡುವ ಪಾಡು ಹೇಳತೀರದು. ವೈದ್ಯಕೀಯ ಪರೀಕ್ಷೆಯನ್ನು ಮಾತ್ರ ಅವಸರದಿಂದ ಮೊದಲೇ ಮಾಡಿಸಬೇಡಿ, ಅದಕ್ಕೆ ಸಾಮಾನ್ಯವಾಗಿ ಒಂದೇ ವರ್ಷದ ಬೆಲೆ.

ಅಂಕ ಏರಿಸುವ ಎಲ್ಲ ದಾರಿಯೂ ಮುಗಿದವರಿಗೆ ರಾಜ್ಯಗಳ ನಾಮನಿರ್ದೇಶನ ಉಳಿಯುತ್ತದೆ. 190ಕ್ಕೆ 5, 491ಕ್ಕೆ 15 ಅಂಕ ಸೇರುತ್ತದೆ. 491 ಎಂದರೆ ಮನೆಯ ಹಿರಿಯರು ಮುಖ ಸಿಂಡರಿಸುತ್ತಾರೆ. ‘ರೀಜನಲ್’ ಎಂದರೆ ಕಾಡಿನಲ್ಲಿ ಮಗನನ್ನು ಬಿಟ್ಟು ಬರುವುದೆಂದು ಅವರ ಗ್ರಹಿಕೆ; ಅಲ್ಲಿ ಕರೆಂಟ್ ಇದೆಯೇ ಎಂದು ಒಬ್ಬರು ಕೇಳಿದ್ದರು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದ ದೇಶವೆಲ್ಲ ಹೆಚ್ಚುಕಡಿಮೆ ಈ ವರ್ಗಕ್ಕೇ ಸೇರುತ್ತದೆ, ಪರ್ತ್ ಮತ್ತು ಅಡಿಲೇಡ್ ಕೂಡ. ಐದು ವರ್ಷದ ವೀಸಾ, ಅದರಲ್ಲಿ ಮೂರು ವರ್ಷ ಷರತ್ತಿನಂತೆ ಅಲ್ಲಿ ಬಾಳಿದರೆ 191 ಎಂಬ ವೀಸಾದ ಮೂಲಕ ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು. ರಾಜ್ಯಗಳು ತಮಗೆ ಬೇಕಾದ ಉದ್ಯೋಗ ನೋಡಿ ಆರಿಸುತ್ತವೆ. ಕೆಲವು ಈಗಾಗಲೇ ಅಲ್ಲಿ ನೆಲೆಸಿದವರಿಗೆ ಆದ್ಯತೆ ಕೊಡುತ್ತವೆ, ಪಟ್ಟಿಯೂ ಷರತ್ತೂ ವರ್ಷದ ನಡುವೆಯೇ ಬದಲಾಗುತ್ತವೆ. ಆದ್ದರಿಂದ ಪ್ರತಿ ಜುಲೈಯಲ್ಲಿ ಆಯಾ ರಾಜ್ಯದ ಅಧಿಕೃತ ಪುಟವನ್ನು ಹೊಸದಾಗಿ ಓದಿ, ಕಳೆದ ವರ್ಷ ನಾನು ಹೇಳಿದ್ದನ್ನೂ ನಂಬಿ ಕೂರಬೇಡಿ. 44 ದಾಟಿದವರು ಮಾತ್ರ ಈ ಓದನ್ನು ಮುಂದಿನ ಜುಲೈಗೆ ಇಟ್ಟುಕೊಳ್ಳದೆ ಇದೇ ವಾರ ಮಾಡಲಿ, ಏಕೆಂದರೆ 45 ತುಂಬುವ ಮೊದಲೇ ಆಹ್ವಾನ ಕೈಗೆ ಬಂದಿರಬೇಕು.